ಶುಂಠಿ ಪಾಕಕ್ಕೆ ಲವಂಗ

ನವೆಂಬರ್ ೧೪, ಗುರುವಾರ

ಅಣ್ಣನ ಗ್ಲಾಸಿನ ರುಚಿ ಇನ್ನೂ ನಾಲಿಗೆಯಿಂದ ಹೋಗಿಲ್ಲ.

ಇಪ್ಪತ್ತು ವರ್ಷ ಹೋಟೆಲಿನ ಬಾರಿನಲ್ಲಿ ಕಾಕ್‌ಟೇಲ್ ಬೆರೆಸಿದವನು. ಲಿವರ್ ಕೆಟ್ಟಿದೆ, ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನೇ ಈ ಪಾಕ ಶುರುಮಾಡಿದೆ. ಶುಂಠಿ, ಕಾಳುಮೆಣಸು, ನಾಲ್ಕು ಲವಂಗ, ಎರಡು ಪಾಲು ಸಕ್ಕರೆ. ಸೋಡಾ ಬೆರೆಸಿದರೆ ಗಂಟಲು ಸುಡುತ್ತದೆ. ಅವನಿಗೆ ಬೇಕಾಗಿದ್ದು ಆ ಉರಿಯೊಂದೇ ಎಂದು ನಂಬಿದ್ದೆ.

"ಲವಂಗ ಇನ್ನೊಂದಿಷ್ಟು ಹಾಕು. ನಿನ್ನ ಕೈ ಪಳಗ್ತಾ ಇದೆ ಕಣೆ," ಅಂದಿದ್ದ ಹೋದ ತಿಂಗಳು. ಹಿಗ್ಗಿ ಹೀರೇಕಾಯಿಯಾಗಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಯಾವಾಗಲೂ ಪಾತ್ರೆಯಲ್ಲೇ ರುಚಿ ನೋಡುತ್ತಿದ್ದೆ. ಇವತ್ತು ಸಂಜೆ ಅವನು ಫೋನು ಬಂತೆಂದು ಎದ್ದುಹೋದಾಗ, ಸಿಹಿ ಹೆಚ್ಚಾಯಿತೇನೋ ಎಂದು ಅವನ ಗ್ಲಾಸಿನಿಂದ ಒಂದು ಗುಟುಕು ಕುಡಿದೆ. ಜಿನ್. ಅರ್ಧಕ್ಕರ್ಧ ಜಿನ್. ಮೂಗಿಗೆ ಮಾತ್ರ ಬರೀ ಲವಂಗ.

ವಾಪಸ್ಸು ಬಂದವನು ನನ್ನ ಮುಖ ನೋಡಿದ. "ನಿಮ್ಮತ್ತಿಗೆಗೆ ಹೇಳ್ಬೇಡ. ಈಗೀಗ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದಾಳೆ," ಅಂದ.

ಅಡುಗೆಮನೆಯಲ್ಲಿ ಅತ್ತಿಗೆ ಆಗಲೇ ಶುಂಠಿ ತುರಿದಿಟ್ಟಿದ್ದರು. ಒಲೆ ಹಚ್ಚಿದೆ. ಲವಂಗ ಹಾಕುವುದೇ ಬೇಡ, ನಾಳೆ ಅವನ ಬಾಯಿಯ ವಾಸನೆಯೇ ಹೇಳಲಿ ಎಂದುಕೊಂಡು ಡಬ್ಬಿಯನ್ನು ಹಿಂದಕ್ಕೆ ಸರಿಸಿದೆ. ಸಕ್ಕರೆ ತರಲು ಆಚೆ ಹೋಗಿ ಬರುವಷ್ಟರಲ್ಲಿ ಪಾತ್ರೆಯಿಂದ ಘಮ್ಮೆನ್ನುತ್ತಿತ್ತು.

"ಲವಂಗ ಮರೆತೇಬಿಟ್ಟಿದ್ದೆಯಲ್ಲೇ," ಅಂದರು ಅತ್ತಿಗೆ. "ಅವರಿಗೆ ಇಷ್ಟ ಅಂತ ನಾನೇ ಒಂದು ಹಿಡಿ ಹಾಕಿದೆ."

ನಾನು ಸಕ್ಕರೆ ಸುರಿದು ಸೌಟು ತಿರುವಿದೆ.