ಸವೆದ ಕೊಂಬು

ತಕಾಯಾಮಾ
ಫೆಬ್ರವರಿ ೯, ೧೯೫೯

ಯಾಸುಹಿಕೊ ಅವರಿಗೆ,

ನಿಮ್ಮ ಹೆಂಡತಿ ಇತ್ಸುಯೊಳ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಬೇಕು. ಮಾಡಿನ ಹಿಮ ಎಳೆದು ಹಾಕಿ ಹಾಕಿ ನನ್ನ ರಟ್ಟೆ ಬಿದ್ದುಹೋಗಿದೆ, ನಿಮ್ಮ ತಾಯಿ ಎರಡು ಹೊತ್ತು ಉಣ್ಣುತ್ತಾರೆ, ಇದ್ದಿಲು ಇದೆ. ಕ್ಷೇಮವೆಂದರೆ ಇಷ್ಟೇ.

ನಗೋಯಾದಿಂದ ನೀವು ಕಳುಹಿಸಿದ ವಿಚ್ಛೇದನದ ಕಾಗದ ಬಂದು ಬಹಳ ದಿನವಾಯಿತು. ನಾನು ಸಹಿಯ ಮುದ್ರೆ ಒತ್ತಿಲ್ಲವೆಂದು ನಿಮಗೆ ಸಿಟ್ಟು. ಆ ಹೆಂಗಸಿನ ಜೊತೆ ಮನೆ ಮಾಡಿದ್ದೀರಿ, ಸರಿ. ಸಾಕಾಗಿ ಒಂದು ದಿನ ವಾಪಸು ಬರುತ್ತೀರಿ ಎಂದುಕೊಂಡಿದ್ದೆ. ಹುಚ್ಚು ಆಸೆ ಅನ್ನಿ. ಅದನ್ನು ಹೊತ್ತು ಹೊತ್ತು ದಣಿದಿದ್ದೇನೆ.

ಮಾವನವರು ಬಿಟ್ಟುಹೋದ, ಚೀಲದ ದಾರಕ್ಕೆ ಕಟ್ಟುವ ಪುಟ್ಟ ಮುಖವಾಡಗಳನ್ನು ಕೊಳ್ಳಲು ನೀವು ಹೇಳಿಕಳುಹಿಸಿದ್ದ ಹಳೇ ಸಾಮಾನಿನ ವ್ಯಾಪಾರಿ ಹಿಗುಚಿ ನಿನ್ನೆ ಬಂದಿದ್ದರು. ಒಂದೊಂದನ್ನೂ ಅಂಗೈಯಲ್ಲಿಟ್ಟು ಭೂತಗನ್ನಡಿ ಹಿಡಿದರು. ಉದ್ದ ಮೂಗಿನ ಟೆಂಗು ಭೂತ, ತುಟಿ ಸೊಟ್ಟ ಮಾಡಿ ಬೆಂಕಿ ಊದುವ ಹ್ಯೊತ್ತೊಕೊ, ಎರಡಕ್ಕೂ ಮೆಚ್ಚಿ ತಲೆಯಾಡಿಸಿದರು. ಉಬ್ಬುಗೆನ್ನೆಯ ಒಕಾಮೆಯನ್ನು ನೋಡಿ, “ಹಬ್ಬದ ಮೋಚಿ ಕಡುಬೆಲ್ಲಾ ಇವಳೊಬ್ಳೇ ತಿಂದಂಗಿದೆ” ಎಂದು ನಕ್ಕರು ಕೂಡ. ಕೊನೆಗೆ, ಹೆಚ್ಚು ಬೆಲೆ ಬರುತ್ತದೆಂದು ನೀವು ಆಸೆಪಟ್ಟ ಹನ್ನ್ಯಾ, ಹೊಟ್ಟೆಕಿಚ್ಚಿನಲ್ಲಿ ಬೆಂದು ಕೊಂಬು ಮೂಡಿ ರಾಕ್ಷಸಿಯಾದ ಹೆಣ್ಣು. ಅದನ್ನು ಕೈಗೆತ್ತಿಕೊಂಡವರ ಮುಖ ಇಳಿಯಿತು.

“ಅಯ್ಯೋ, ಇದರ ಕೊಂಬು ಏನಾಯ್ತಮ್ಮಾ? ಮುರಿದಿಲ್ಲ, ಪೂರ್ತಿ ಸವೆದೇಹೋಗಿದೆ. ಕೊಂಬಿಲ್ದಿದ್ರೆ ಹನ್ನ್ಯಾ ಅಂತ ಯಾರು ತಗೋತಾರೆ? ಯಾವಳೋ ಹಲ್ಲುನೋವಿನ ಮುದುಕಿ ಅಂತಾರೆ.”

ಚಳಿಗೆ ಅಡಿಯಲ್ಲಿ ಕೆಂಡವಿಟ್ಟ ಮೇಜಿನ ಕೆಳಗೆ ಕಾಲು ಚಾಚಿ ತೂಕಡಿಸುತ್ತಿದ್ದ ಅತ್ತೆ ಕಣ್ಣು ಬಿಟ್ಟರು. “ನಾನೇ ಉಜ್ಜಿದ್ದು” ಅಂದರು.

“ನಮ್ಮೋರು ಗಿಫುಗೆ, ಆ ಇಟ್ಕೊಂಡೋಳ ಮನೆಗೆ ಹೋಗೋವಾಗ ಕೋಟು ಹಾಕ್ಕೊಂಡು ಹೋಗೋರು. ಸೊಂಟಕ್ಕೆ ನಡುಪಟ್ಟಿ ಇಲ್ಲ, ಸಿಕ್ಕಿಸ್ಕೊಳ್ಳೋಕೆ ಜಾಗ ಇಲ್ಲ. ಹೊಗೆಸೊಪ್ಪಿನ ಚೀಲ ಇಲ್ಲೇ ಬಿಡೋರು. ಅದರ ದಾರದಲ್ಲಿ ಈ ಪಿಶಾಚಿ ನೇತಾಡ್ತಿತ್ತು. ಅವ್ರು ಬರೋವರೆಗೂ ಕೂತು ಉಜ್ಜಿದ್ದೇ ಉಜ್ಜಿದ್ದು. ಇಲ್ದಿದ್ರೆ ನನ್ ತಲೇಲೇ ಮೂಡ್ತಿತ್ತು.”

ಇದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಮದುವೆಯ ದಿನ ನನ್ನ ತಲೆಗೆ ಬಿಳಿಯ ಕೊಂಬುಮರೆ ಕಟ್ಟಿದವರು ಇದೇ ಅತ್ತೆ. ಹೆಣ್ಣಿನ ಹೊಟ್ಟೆಕಿಚ್ಚಿನ ಕೊಂಬನ್ನು ಆ ಬಟ್ಟೆಯಡಿ ಮುಚ್ಚಿಕೊಂಡೇ ಗಂಡನ ಮನೆ ಹೊಗಬೇಕಲ್ಲ. “ಬಿಗಿಯಾಗಿ ಕಟ್ಟಿದೀನಿ ಕಣೇ, ಬೀಳಲ್ಲ” ಎಂದು ಕಿವಿಯಲ್ಲಿ ಹೇಳಿದ್ದರು. ಅದನ್ನು ಹಾರೈಕೆ ಎಂದುಕೊಂಡಿದ್ದೆ.

ಹಿಗುಚಿ ಮಿಕ್ಕ ಮುಖವಾಡಗಳನ್ನು ಕಟ್ಟಿಕೊಂಡು ಹೋದರು. ಅತ್ತೆ ಹನ್ನ್ಯಾವನ್ನು ನನ್ನ ಕೈಗೆ ಹಾಕಿದರು. ನನ್ನ ಹೆಬ್ಬೆರಳು ತಾನಾಗಿಯೇ ಅದರ ನೆತ್ತಿಗೆ ಹೋಯಿತು. ಅದನ್ನು ಕಂಡು ಅತ್ತೆ ನಕ್ಕುಬಿಟ್ಟರು. ನಿಮ್ಮ ತಾಯಿ ನಗುವುದನ್ನು ನಾನು ಕಂಡದ್ದು ಬಹಳ ಕಡಿಮೆ.

“ಏನ್ ಹುಡುಕ್ತೀಯೇ? ನಿನ್ ಪಾಲಿಗೆ ಒಂಚೂರೂ ಉಳಿಸಿಲ್ಲ ಕಣೇ, ಎಲ್ಲಾ ನಾನೇ ಉಜ್ಜಿ ಮುಗಿಸಿದೀನಿ. ಇನ್ನೇನ್ ಕೆಲ್ಸ ಇದೆ ನಿಂಗೆ ಇಲ್ಲಿ? ಹೋಗು.”

ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಮುಖ ತೊಳೆದು ಮುದ್ರೆ ಹುಡುಕಿ ತೆಗೆದೆ. ಕಾಗದ ಈ ಲಕೋಟೆಯಲ್ಲೇ ಇದೆ. ಮುದ್ರೆ ಸೊಟ್ಟಗೆ ಬಿದ್ದಿದೆ, ರಟ್ಟೆ ನೋವು, ಕ್ಷಮಿಸಿ. ಹನ್ನ್ಯಾವನ್ನು ಕಳುಹಿಸುವುದಿಲ್ಲ, ಅದು ನಿಮ್ಮದಲ್ಲ. ನಾನು ತೊಯಾಮಾಗೆ, ಅಕ್ಕನ ಸೋಬಾ ಶಾವಿಗೆಯ ಅಂಗಡಿಗೆ ಹೊರಟಿದ್ದೇನೆ. ಹಿಮಕ್ಕೆ ರೈಲು ನಿಲ್ಲದಿದ್ದರೆ ಇವತ್ತೇ. ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಮಾಡಿಕೊಳ್ಳಲು ತ್ರಾಣವಿಲ್ಲ, ಅಷ್ಟೇ.

ಇತ್ಸುಯೊ

ತಾ.ಕ.: ಇನ್ನು ತಾಯಿಯನ್ನು ನೋಡಿಕೊಳ್ಳಲು ನೀವೇ ಬನ್ನಿ ಎಂದು ಸೇರಿಸಬೇಕೆಂದಿದ್ದೆ. ಬೇಡವಂತೆ. ಬಟ್ಟೆಯ ಗಂಟು ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಹೊಸ್ತಿಲಲ್ಲೇ ಕೂತಿದ್ದಾರೆ. “ಹೋಗು ಅಂತ ನಿಂಗೊಬ್ಳಿಗೇ ಹೇಳಿದ್ನೇನೇ?” ಎಂದು ನನ್ನನ್ನೇ ಬೈಯುತ್ತಿದ್ದಾರೆ.