ಊರ ಸುದ್ದಿಯಲ್ಲಿ ‘ಓಪನ್’

ಐರೋಲಿ, ೧೨ ಆಗಸ್ಟ್, ಮಂಗಳವಾರ

ಸ್ನಾಯು ಸೋಲುವ ನನ್ನ ಕಾಯಿಲೆಗೆ ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆಯಬೇಕಂತೆ. ಎದೆಮೂಳೆ ಸೀಳುವುದು ಬೇಡ, ಪಕ್ಕೆಯಲ್ಲಿ ಮೂರು ಸಣ್ಣ ತೂತು ಸಾಕು ಎಂದು ಸರ್ಜನ್ ನನಗೆ ಕನ್ನಡದಲ್ಲಿ ನಗುನಗುತ್ತ ಹೇಳಿದರು. ಆಮೇಲೆ ನನ್ನ ಗಂಡ ಅನೀಶನ ಕಡೆ ತಿರುಗಿ ತುಳು ಶುರು ಮಾಡಿದರು. ಇಬ್ಬರೂ ಉಡುಪಿಯವರು, ಧಾರವಾಡದ ನನಗೆ ತುಳು ಬಾರದು. ಆದರೂ ನಡುವೆ ಎರಡು ಸಲ ‘ಓಪನ್’ ಕೇಳಿಸಿತು. ಅನೀಶನ ಮುಖ ಸಣ್ಣದಾಯಿತು.

ಟ್ರೇನಿನಲ್ಲಿ ಕೇಳಿದೆ, “ತುಳುದಾಗ ಡಾಕ್ಟರ್ ಏನಂದ್ರು?”

“ಎಂತ ಇಲ್ಲ ಮಾರಾಯ್ತಿ, ಊರ ಸುದ್ದಿ.”

ಊರ ಸುದ್ದಿಯಲ್ಲಿ ಓಪನ್ ಮಾಡಲು ಏನಿದೆ? ತೂತಿನಿಂದ ಆಗದಿದ್ದರೆ ಎದೆ ಸೀಳುತ್ತಾರೇನೋ. ಅದನ್ನು ನನಗೇ ಹೇಳಬಹುದಿತ್ತಲ್ಲ? ಎದೆ ನನ್ನದು.

ಈಗ ಬೆನ್ನು ತಿರುಗಿಸಿ ಮಲಗಿದ್ದಾನೆ. ನಿದ್ದೆ ಬಂದಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತದೆ. ಈ ಕಾಯಿಲೆಯಿಂದ ಜೋತುಬಿದ್ದಿರುವುದು ನನ್ನ ಕಣ್ಣಿನ ರೆಪ್ಪೆ, ಕಿವಿಯಲ್ಲ.