ಮೇಜಿನ ಆಸರೆಗೆ ಅಡ್ಡಿಯಿಲ್ಲ

ಬೂನ್ ಲೇ, ಸಿಂಗಾಪುರ
೨ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಜ್ಜಾ,

ನಿಮ್ಮ ಎರಡೂ ಪಾದಗಳಿಗೆ, ಅದರಲ್ಲೂ ಈಚೆಗೆ ಸ್ವಲ್ಪ ಸೋಮಾರಿಯಾಗಿರುವ ಎಡಪಾದಕ್ಕೆ ವಿಶೇಷವಾಗಿ, ಜ್ಯೋತ್ಸ್ನಾಳ ನಮಸ್ಕಾರಗಳು. ಆರೋಗ್ಯ ಹೇಗಿದೆ? ಫಿಸಿಯೋಥೆರಪಿಯವರು ದಿನಾ ಬರುತ್ತಿದ್ದಾರೋ ಅಥವಾ ಸಂಧಿ, ಸಮಾಸ ಕೇಳಿ ಅವರನ್ನು ಓಡಿಸಿದಿರೋ? ಬಿ.ಪಿ. ಮಾತ್ರೆ ನುಂಗುತ್ತಿದ್ದೀರಾ? ಹುಬ್ಬಳ್ಳಿಯ ರೋಹಿಣಿ ಅತ್ತೆಯ ಬಾಲ್ಕನಿಯಲ್ಲಿರುವ ಕರಿಬೇವಿನ ಕುಂಡದಲ್ಲಿ ಬಿಳಿ ಬಿಳಿ ಗುಳಿಗೆಗಳು ಸಿಕ್ಕವೆಂದು ಅಜ್ಜಿ ದೂರಿದ್ದಾರೆ. ಗಿಡಕ್ಕೆ ಬಿ.ಪಿ. ಇದ್ದರೆ ಅದನ್ನು ಬೇರೆ ಡಾಕ್ಟರಿಗೆ ತೋರಿಸೋಣ. ನಿಮ್ಮದು ನೀವು ನುಂಗಿರಿ.

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಎಂದಿನಂತೆ ಕಂಪನಿ ಬಸ್ಸಿನಲ್ಲಿ ಜುರಾಂಗ್ ಐಲ್ಯಾಂಡಿಗೆ ಹೋಗಿ ಬರುತ್ತಾರೆ, ಎರಡು ದಾರಿಯಲ್ಲೂ ಬಾಯಿ ತೆರೆದು ನಿದ್ದೆ ಮಾಡುತ್ತಾರೆ. ಅಮ್ಮ ಜೋಳದ ಹಿಟ್ಟಿಗೆ ಲಿಟಲ್ ಇಂಡಿಯಾದವರೆಗೆ ಹೋಗಿ, ಬಂದು, ಹಿಟ್ಟು ಹಳೆಯದೆಂದು ಇಡೀ ವಾರ ಹೇಳುತ್ತಾರೆ. ನಾನು ಈ ಪತ್ರವನ್ನು ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಪಡಸಾಲೆಯ ಕಲ್ಲಿನ ಮೇಜಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀವು ಇಲ್ಲಿದ್ದಷ್ಟು ವರ್ಷ ಸಂಜೆಸಂಜೆ ನನ್ನನ್ನು ಕೂರಿಸಿ ಒತ್ತಕ್ಷರ ತಿದ್ದಿಸಿದ್ದು ಇದೇ ಮೇಜಿನ ಮೇಲೆ. ಚದುರಂಗ ಆಡುವ ಚೀನೀ ಅಂಕಲ್ ಈಗಲೂ ನಿಮ್ಮ ಜಾಗಕ್ಕೆ ಕೈ ತೋರಿಸಿ, ಹುಬ್ಬು ಎತ್ತಿ, ಎಲ್ಲಿ ಎಂದು ಕೇಳುತ್ತಾರೆ. ಈ ಪತ್ರದಲ್ಲಿ ತಪ್ಪುಗಳಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಕು. ನಿಮ್ಮ ಬಲಗೈಗೆ ಏನೂ ಆಗಿಲ್ಲ, ಆದ್ದರಿಂದ ನಿವೃತ್ತ ಕನ್ನಡ ಮಾಸ್ತರರ ಯಾವ ನೆಪವನ್ನೂ ಮಾನ್ಯ ಮಾಡಲಾಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ವಿಡಿಯೋ ಕಾಲಿನಲ್ಲಿ ನಡೆದ ಅನಾಹುತದ ಬಗ್ಗೆ ಅಜ್ಜಿ ನಿಮಗೆ ತಮ್ಮ ಕಡೆಯ ಕಥೆಯನ್ನಷ್ಟೇ ಹೇಳಿರುತ್ತಾರೆ. ನನ್ನ ಕಡೆಯದೂ ಇರಲಿ. ಅಂದು ಸೋಮವಾರ. ಅಮ್ಮ ಸಂಜೆ ದೀಪ ಹಚ್ಚಿ ನನ್ನ ಹಣೆಗೆ ವಿಭೂತಿ ಎಳೆದಿದ್ದರು. ನಾನು ಟ್ಯೂಷನ್ನಿಗೆ ಹೊರಡುವ ಮುನ್ನ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈಯಲ್ಲಿರುವುದನ್ನು ದಿಟ್ಟಿಸುತ್ತ ಕೂತಿದ್ದೆ. ಅಂಗೈಯಲ್ಲಿದ್ದದ್ದು ಬಣ್ಣದ ಕ್ಯೂಬ್. ಆರು ಮುಖ, ಆರು ಬಣ್ಣ, ಎಲ್ಲ ಕಲಸಿಹೋದದ್ದನ್ನು ತಿರುಗಿಸಿ ತಿರುಗಿಸಿ ಮುಖಕ್ಕೊಂದು ಬಣ್ಣ ಬರುವಂತೆ ಮಾಡಬೇಕು, ಅದೂ ಬೇಗ. ಬಿಡಿಸುವ ಮೊದಲು ಹದಿನೈದು ಸೆಕೆಂಡು ಸುಮ್ಮನೆ ನೋಡಲು ಅವಕಾಶ ಕೊಡುತ್ತಾರೆ. ನಾನು ಆ ನೋಡುವುದನ್ನೇ ಅಭ್ಯಾಸ ಮಾಡುತ್ತಿದ್ದೆ. ಅಷ್ಟರಲ್ಲಿ ಅಪ್ಪ ಫೋನನ್ನು ನನ್ನ ಕಡೆ ತಿರುಗಿಸಿದರು, ಅತ್ತ ಅಜ್ಜಿಗೆ ಕನ್ನಡಕ ಇರಲಿಲ್ಲ. "ನೋಡ್ರಿ, ನಮ್ಮ ಕೂಸು ಲಿಂಗಪೂಜಿಗೆ ಕುಂತೈತಿ. ಪರದೇಶದಾಗ ಇದ್ರೂ ಹ್ಯಾಂಗ ಕುಂತೈತಿ ನೋಡ್ರಿ" ಎಂದು ನಿಮ್ಮನ್ನು ಕೂಗಿದರು.

ಅಜ್ಜಾ, ಒಳ್ಳೆಯ ತಮಾಷೆ ತಾನಾಗಿ ಮನೆ ಬಾಗಿಲಿಗೆ ಬಂದಾಗ ಅದನ್ನು ಹೊರಗೆ ನಿಲ್ಲಿಸಬಾರದೆಂಬುದು ನನ್ನ ಶ್ರದ್ಧೆ. ನಾನು ಕಣ್ಣು ಮಿಟುಕಿಸಲಿಲ್ಲ. ಬಲಗೈಯಿಂದ ಟಿಫಿನ್ ಡಬ್ಬಿಯ ಒಂದು ಒಣದ್ರಾಕ್ಷಿ ತೆಗೆದು, ಬಹಳ ಗಂಭೀರವಾಗಿ, ನೈವೇದ್ಯದಂತೆ ಮುಂದಿಟ್ಟೆ. ಅಜ್ಜಿ ಅಳಲು ಶುರು ಮಾಡಿದರು. ಪಕ್ಕದ ಫ್ಲ್ಯಾಟಿನ ಇಬ್ಬರು ಹೆಂಗಸರನ್ನು ಕರೆದು ತೋರಿಸಿದರು. ಅವರಲ್ಲೊಬ್ಬರು ನನಗೆ ಕೈ ಮುಗಿದರು. ಆಗ ಅಡುಗೆಮನೆಯಿಂದ ಅಮ್ಮ ಬಂದು "ಅತ್ತೀ, ಅದು ಲಿಂಗ ಅಲ್ರೀ, ಆಟದ ಸಾಮಾನು" ಅಂದುಬಿಟ್ಟರು. ಕೈ ಮುಗಿದವರು ಏನು ಮಾಡಬೇಕೆಂದು ತಿಳಿಯದೆ ಅದೇ ಕೈಗಳಿಂದ ಸೆರಗು ಸರಿಮಾಡಿಕೊಂಡರು. ಅಜ್ಜಿ ನನ್ನನ್ನು ಬೈದ ಬೈಗುಳಗಳಲ್ಲಿ ಕೆಲವು ನನಗೆ ಹೊಸವು. ಅರ್ಥ ಕೇಳಿ ಬರೆದುಕೊಳ್ಳಬೇಕು.

ಆದರೆ ಆ ಗದ್ದಲದಲ್ಲಿ, ಅಜ್ಜಿಯ ಹಿಂದಿನ ಮಂಚದಿಂದ ಒಂದು ಮಾತು ಕೇಳಿಸಿತು. "ಅದರಾಗ ಏನ್ ಕಾಣ್ತದವಾ ನಿನಗ?" ಕಣ್ಣಿನ ಪೊರೆ ತೆಗೆಸಲೆಂದು ಹುಬ್ಬಳ್ಳಿಗೆ ಹೋದವರಿಗೆ ಅಲ್ಲೇ ಲಕ್ವ ಹೊಡೆದ ಮೇಲೆ, ಹೂಂ, ಹಾಂ ಬಿಟ್ಟರೆ ನೀವು ನನಗೆ ಹೇಳಿದ ಮೊದಲ ಇಡೀ ವಾಕ್ಯ ಅದು. ನಾನು ಟ್ಯೂಷನ್ನಿಗೆ ಹೊತ್ತಾಯಿತೆಂದು ಎದ್ದು ಓಡಿದೆ. ಇವತ್ತು ಉತ್ತರ ಬರೆಯಲು ಕೂತಿದ್ದೇನೆ.

ನನಗೆ ಕ್ಯೂಬ್ ಕಲಿಸಿದ ಗುರು ಎಂಟು ವರ್ಷದವಳು. ಮೂರನೇ ಮಹಡಿಯ ಉಡುಪಿಯ ಚಂಪಾ ಆಂಟಿ ಗೊತ್ತಲ್ಲ, ಅವರ ಮಗಳು ಯಶ್ಮಿತಾ. ಮುಂದಿನ ಎರಡು ಹಲ್ಲು ಬಿದ್ದಿವೆ, ಗುರುವಿಗೆ ಇರಬೇಕಾದ ದಯೆ ಎಳ್ಳಷ್ಟೂ ಇಲ್ಲ. ನಾನು ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿ, ಬೆರಳುಗಳನ್ನು ಗಾಳಿಯಂತೆ ಓಡಿಸಿ, ಅವಳ ಮುಂದೆ ಹೆಮ್ಮೆಯಿಂದ ಕ್ಯೂಬ್ ಇಟ್ಟರೆ, "ಕೈ ಫಾಸ್ಟ್, ಕಣ್ಣು ಸ್ಲೋ ಲಾ, ಅಕ್ಕಾ" ಎಂದು ಇಲ್ಲಿಯವರ ಲಾ ಸೇರಿಸಿ ಅನ್ನುತ್ತಾಳೆ. ಅವಳು ಹೇಳುವುದು ನಿಜ. ನಾನು ಒಂದು ತುಂಡನ್ನು ಅದರ ಜಾಗಕ್ಕೆ ಸೇರಿಸುವಾಗ ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. ಸೇರಿದ ಮೇಲೆ ನಿಂತು, ಮುಂದಿನ ತುಂಡು ಎಲ್ಲಿದೆಯೆಂದು ಹುಡುಕುತ್ತಿದ್ದೆ. ಸಮಯವೆಲ್ಲ ಹೋಗುವುದು ಆ ಹುಡುಕಾಟದಲ್ಲಿ. ಬೇಗ ಬಿಡಿಸುವವರು ಬೆರಳನ್ನು ನೋಡುವುದೇ ಇಲ್ಲ. ಕೈ ಈಗಿನದನ್ನು ಮಾಡುತ್ತಿರುವಾಗ ಕಣ್ಣು ಮುಂದಿನದರ ಹತ್ತಿರ ಹೋಗಿ ಕಾಯುತ್ತಿರುತ್ತದೆ.

ಅವಳು ಹಾಗೆ ಅಂದಾಗ ನನಗೆ ನೀವು ನೆನಪಾದಿರಿ. ನಾನು ಚಿಕ್ಕವಳಿದ್ದಾಗ ಒಮ್ಮೆ ನೀವು ಪೂಜೆಗೆ ಕೂತಿದ್ದಾಗ ನಿಮ್ಮ ತೊಡೆಯ ಮೇಲೆ ರಬ್ಬರ್ ಹಲ್ಲಿ ಇಟ್ಟಿದ್ದೆ. ನಿಮ್ಮ ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದೇ ಪತ್ರಿ, ನಿಮ್ಮ ಕಣ್ಣು ಅಲ್ಲಿ. ಹಲ್ಲಿಯನ್ನು ಬಿಡಿ, ನಿಮ್ಮ ಕೈಯನ್ನೂ ನೀವು ನೋಡುತ್ತಿರಲಿಲ್ಲ. ಪೂಜೆ ಮುಗಿಯಿತು, ನೀವು ಏನೂ ಅನ್ನದೆ ಎದ್ದು ಹೋದಿರಿ. ನಾನು ಸೋತೆನೆಂದು ಬೇಜಾರಿನಲ್ಲಿ ಊಟಕ್ಕೆ ಕೂತರೆ, ರೊಟ್ಟಿ ಎತ್ತಿದಾಗ ಕೆಳಗೆ ಹಲ್ಲಿ. ನೀವು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಅಜ್ಜಿಗೆ ಪಲ್ಯ ಕೇಳುತ್ತಿದ್ದಿರಿ. ನನ್ನ ಎಲ್ಲ ಕಿತಾಪತಿಯೂ ಶಾಲೆಯ ಸಹವಾಸದಿಂದ ಬಂದದ್ದೆಂದು ಅಪ್ಪ ನಂಬಿದ್ದಾರೆ. ಅವರಿಗೆ ಮೂಲ ಗೊತ್ತಿಲ್ಲ.

ಆ ಕೈ ಈಗ ನಡುಗುತ್ತದೆಂದು, ನೀವು ಪೂಜೆ ಬಿಟ್ಟಿದ್ದೀರೆಂದು ರೋಹಿಣಿ ಅತ್ತೆ ಫೋನಿನಲ್ಲಿ ಅಮ್ಮನಿಗೆ ಹೇಳುವಾಗ ನಾನು ಕೇಳಿಸಿಕೊಂಡೆ. ಲಿಂಗ ಎದೆಯ ಮೇಲೆ ಹಾಗೇ ಇದೆಯಂತೆ, ಅಂಗೈಗೆ ಇಳಿಸುವುದಿಲ್ಲವಂತೆ. ಯಾಕೆಂದು ಕೇಳಿದರೆ "ಬಿದ್ದರ?" ಅನ್ನುತ್ತೀರಂತೆ, ಅಷ್ಟೇ. ಅತ್ತೆ ಕೈ ಹಿಡಿದುಕೊಳ್ಳುತ್ತೇನೆಂದು ಬಂದಾಗ "ಇನ್ನೊಬ್ಬರ ಕೈಲೆ ಪೂಜಿ ಆಗೂದಿಲ್ಲ" ಎಂದು ಗೋಡೆಯ ಕಡೆ ತಿರುಗಿದಿರಂತೆ. ಪೂಜೆಯಾಗದೆ ಒಂದು ಗುಟುಕು ಚಹಾ ಮುಟ್ಟದವರು ಈಗ ಬೆಳಿಗ್ಗೆ ಎದ್ದ ಕೂಡಲೇ ಮಂಚದ ಮೇಲೇ ಚಹಾ ಕುಡಿಯುತ್ತೀರಂತೆ. "ಚಹಾ ಕುಡೀತಾರ, ನಾಷ್ಟಾ ಮಾಡ್ತಾರ, ಆದರ ಆ ಮನುಷ್ಯಾ ಮನಿಯಾಗ ಇಲ್ಲ" ಎಂದು ಅತ್ತೆ ಹೇಳಿದರು. ಅಮ್ಮ ಫೋನಿಟ್ಟು ಬಹಳ ಹೊತ್ತು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಮರುದಿನದಿಂದ ನಾನು ಎಡಗೈ ಒಂದರಲ್ಲೇ ಕ್ಯೂಬ್ ಬಿಡಿಸಲು ಶುರು ಮಾಡಿದೆ. ಅದಕ್ಕೂ ಸ್ಪರ್ಧೆ ಇದೆ, ಒಂಟಿ ಕೈಯದು. ಎಡಗೈ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ನೋಡಬೇಕಿತ್ತು. ಹೆಬ್ಬೆರಳು, ನಡುಬೆರಳು ಹಿಡಿದಿರಬೇಕು, ತೋರುಬೆರಳು, ಉಂಗುರಬೆರಳು ತಿರುಗಿಸಬೇಕು. ಸ್ವಲ್ಪ ಹೊತ್ತಿಗೆ ಮಣಿಕಟ್ಟಿನಿಂದ ನಡುಕ ಏಳುತ್ತದೆ. ಬೀಳುತ್ತದೆಂದು ಗಟ್ಟಿಯಾಗಿ ಹಿಡಿದಷ್ಟೂ ಹೆಚ್ಚು ನಡುಗುತ್ತದೆ. ನಿಮ್ಮದರ ಮುಂದೆ ನನ್ನದು ನಡುಕವೇ ಅಲ್ಲ, ಗೊತ್ತು. ಆದರೂ "ಬಿದ್ದರ?" ಅನ್ನುವುದು ಹೇಗಿರುತ್ತದೆಂದು ನನಗೂ ಸ್ವಲ್ಪ ತಿಳಿಯಿತು.

ನಿನ್ನೆ ಸ್ಪರ್ಧೆ ಇತ್ತು, ಇಲ್ಲೇ ಹತ್ತಿರದ ಕಮ್ಯುನಿಟಿ ಕ್ಲಬ್ಬಿನಲ್ಲಿ. ಅಪ್ಪ ಶಿಫ್ಟ್ ಮುಗಿಸಿ ಸೇಫ್ಟಿ ಶೂಸ್ ಹಾಕಿಕೊಂಡೇ ನೇರ ಬಂದು, ಮೊದಲ ಸಾಲಿನಲ್ಲಿ ಕೂತು ನಿದ್ದೆ ಹೋದರು, ನಡುವೆ ಎಚ್ಚರಾಗಿ ಯಾರೋ ಬೇರೆ ಹುಡುಗನಿಗೆ ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ಮೊದಲ ಸುತ್ತಿನಲ್ಲಿ ಕ್ಯೂಬ್ ಜಾರಿತು. ನಾನು ಯೋಚಿಸುವ ಮೊದಲೇ ಬಲಗೈ ಹಾರಿ ಹಿಡಿದುಕೊಂಡಿತು. ಬಲಗೈ ತಗುಲಿದರೆ ಆ ಸುತ್ತು ಲೆಕ್ಕಕ್ಕಿಲ್ಲ. ಎರಡನೆಯದರಲ್ಲಿ ಬೀಳಿಸಲಿಲ್ಲ, ಆದರೆ ಪೂರ್ತಿ ಕೈಯನ್ನೇ ನೋಡುತ್ತ ಕೂತೆ. ಮುಗಿಸುವಷ್ಟರಲ್ಲಿ ಸಭಾಂಗಣದಲ್ಲಿ ಎಲ್ಲರಿಗೂ ನನ್ನ ಮೇಲೆ ಕನಿಕರ ಬಂದಿತ್ತು.

ಆಮೇಲೆ ಯಶ್ಮಿತಾಳ ಸರದಿ. ಅವಳ ಕೈ ನಿಂಬೆಹಣ್ಣಿನಷ್ಟಿದೆ. ಅವಳು ಕ್ಯೂಬನ್ನು ಗಾಳಿಯಲ್ಲಿ ಹಿಡಿಯಲೇ ಇಲ್ಲ. ಮೇಜಿಗೆ ಆನಿಸಿಕೊಂಡು, ಒಂದಿಷ್ಟೂ ನಾಚಿಕೆಯಿಲ್ಲದೆ, ಟಕಟಕನೆ ಬಿಡಿಸಿಟ್ಟಳು. ಅವಳು ಬಂದ ಕೂಡಲೇ "ಅದು ಮೋಸ ಕಣೇ" ಅಂದೆ. "ಮೋಸ ಅಲ್ಲ ಅಕ್ಕಾ, ರೂಲಲ್ಲೇ ಇದೆ. ಪೀಪಲ್ ಕ್ಯಾನಾಟ್, ಟೇಬಲ್ ಕ್ಯಾನ್ ಲಾ." ನಂಬದೆ ಹೋಗಿ ಜಡ್ಜ್ ಅಂಕಲನ್ನೇ ಕೇಳಿದೆ. ಅವರೂ ಅದನ್ನೇ ಹೇಳಿದರು. ಬಿಡಿಸುವಾಗ ಬೇರೆ ಯಾವ ಮನುಷ್ಯರ ಸಹಾಯವೂ ಕೂಡದು, ವಸ್ತುವಿನ ಸಹಾಯವೂ ಕೂಡದು, ಆದರೆ ಮುಂದಿರುವ ಮೇಜಿಗೆ ಅಡ್ಡಿಯಿಲ್ಲ. ಬಿಡಿಸುವ ಕೈ ನಿನ್ನದೇ ತಾನೇ, ಅಂದರು. ಇಷ್ಟು ದಿನ ಯಾರೂ ಕೇಳದ ಶೌರ್ಯವನ್ನು ನಾನೊಬ್ಬಳೇ ಗಾಳಿಯಲ್ಲಿ ತೋರಿಸುತ್ತಿದ್ದೆ.

ಮೂರನೇ ಸುತ್ತಿಗೆ ಕೈಯನ್ನು ಮೇಜಿನ ಮೇಲೆ ಇಳಿಸಿದೆ. ನಡುಕ ಪೂರ್ತಿ ಹೋಯಿತೆಂದು ಹೇಳುವುದಿಲ್ಲ, ಅಜ್ಜಾ. ನಡುಗಿದರೂ ಬೀಳುವುದಕ್ಕೆ ಜಾಗ ಇರಲಿಲ್ಲ, ಅಷ್ಟೇ. ಬೀಳುವುದಿಲ್ಲವೆಂದು ಗೊತ್ತಾದ ಕೂಡಲೇ ಕಣ್ಣು ಕೈಯನ್ನು ಬಿಟ್ಟು ಎದ್ದು ಹೋಯಿತು. ಒಂದು ತುಂಡು ಸೇರುವ ಮೊದಲೇ ಮುಂದಿನದು ಕಾಣುತ್ತಿತ್ತು, ಅದರ ಮುಂದಿನದೂ. ಸಭಾಂಗಣ, ಅಪ್ಪನ ಗೊರಕೆ, ನನ್ನ ಕೈ, ನಾನು, ಯಾವುದೂ ಇರಲಿಲ್ಲ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು: ಅದರಲ್ಲಿ ದೊಡ್ಡದೇನೂ ಕಾಣುವುದಿಲ್ಲ. ಕೈ ಕಾಣದಂತಾಗುತ್ತದೆ. ನಿಮಗೆ ಅದರ ಆಚೆಗೂ ಏನೋ ಕಾಣುತ್ತಿತ್ತು. ನನಗೆ ಅಷ್ಟು ದೂರದ ದಾರಿ ಗೊತ್ತಿಲ್ಲ, ಆದರೆ ಬಾಗಿಲು ಇದೇ ಇರಬೇಕು ಅನ್ನಿಸಿತು.

ಬಹುಮಾನ ಯಶ್ಮಿತಾಳಿಗೆ ಬಂತು. ನಾನು ಕೊನೆಯವಳಾಗಲಿಲ್ಲ ಎಂಬುದನ್ನು ಅಮ್ಮ ಎಲ್ಲರಿಗೂ ಫೋನ್ ಮಾಡಿ ತಿಳಿಸುತ್ತಿದ್ದಾರೆ.

ಅಜ್ಜಿಗೆ ಸಾಷ್ಟಾಂಗ ನಮಸ್ಕಾರ, ಒಣದ್ರಾಕ್ಷಿಯ ವಿಷಯವನ್ನು ದಯವಿಟ್ಟು ಮರೆಯಲಿ. ರೋಹಿಣಿ ಅತ್ತೆಗೆ ಪ್ರೀತಿ, ಕರಿಬೇವಿನ ಗಿಡಕ್ಕೆ ಶೀಘ್ರ ಗುಣವಾಗಲಿ. ನಿಮ್ಮ ಆಶೀರ್ವಾದ ನನಗೆ ಎರಡೂ ಕೈಯಿಂದ ಬೇಕು, ಆತುರವಿಲ್ಲ.

ನಿಮ್ಮ ಕಿಡಿಗೇಡಿ ಮೊಮ್ಮಗಳು,
ಜ್ಯೋತ್ಸ್ನಾ

ತಾ.ಕ.: ಅಮ್ಮ ಊಟಕ್ಕೆ ಕರೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಶಾಲೆಗೆ ರಜೆ, ಅಪ್ಪ ಟಿಕೆಟ್ ಬುಕ್ ಮಾಡಿದ್ದಾರೆ, ಈ ತಿಂಗಳ ಕೊನೆಗೆ ನಾನು ಹುಬ್ಬಳ್ಳಿಯಲ್ಲಿರುತ್ತೇನೆ. ಇನ್ನೊಬ್ಬರ ಕೈಯಿಂದ ಪೂಜೆ ಆಗುವುದಿಲ್ಲ, ಒಪ್ಪಿದೆ, ನಿಯಮ ನಿಯಮವೇ. ಆದ್ದರಿಂದ ರಜೆ ಮುಗಿಯುವವರೆಗೆ ನಾನು ಮೊಮ್ಮಗಳಲ್ಲ, ಮೇಜು. ನಿಮ್ಮ ಸ್ನಾನವಾದ ಮೇಲೆ ಎದುರಿಗೆ ಬಂದು ಕೂರುತ್ತೇನೆ. ನನ್ನ ಅಂಗೈ ಕೆಳಗೆ, ಅದರ ಮೇಲೆ ನಿಮ್ಮ ಎಡಗೈ, ಅದರ ಮೇಲಿನದು ನಿಮಗೆ ಬಿಟ್ಟದ್ದು, ಅದನ್ನು ನಾನು ಮುಟ್ಟುವುದಿಲ್ಲ. ನಿಮ್ಮ ಕೈ ನಡುಗಿದರೆ ಮೇಜೂ ಜೊತೆಗೆ ನಡುಗುತ್ತದೆ, ಬೀಳುವುದಕ್ಕೆ ಜಾಗ ಇರುವುದಿಲ್ಲ. ಮೇಜು ಮಾತಾಡುವುದಿಲ್ಲ, ನಗುವುದಿಲ್ಲ, ಹಲ್ಲಿಯನ್ನು ಸಿಂಗಾಪುರದಲ್ಲೇ ಬಿಟ್ಟು ಬರುತ್ತದೆ. ನಾನು ಬಂದ ಮರುದಿನ ಬೆಳಿಗ್ಗೆ ಮಂಚಕ್ಕೆ ಚಹಾ ತರಬೇಡ ಎಂದು ಅತ್ತೆಗೆ ಈಗಲೇ ಹೇಳಿಬಿಡಿ. ಪೂಜೆಯಾಗುವವರೆಗೆ ಮೇಜಿಗೂ ಬೇಡ.